ಎಡದ ಗುಂಡಿ ಮಗ್ಗ, ಬಲದ ಗುಂಡಿ ಹಾಡು

ನಮ್ಮ ಕಾಕಾನನ್ನು ಅಂಗಡಿಗೆ ಕರೆದೊಯ್ಯುವವರು ರೊಕ್ಕ ಮರೆತರೂ ನಡೆದೀತು, ಬುತ್ತಿ ಮರೆಯಬಾರದು.

ಇದು ಚೇಷ್ಟೆಯ ಮಾತಲ್ಲ, ಅನುಭವದ ಮಾತು. ಹಿಂದೊಮ್ಮೆ ಅವನಿಗೊಂದು ಸೀಲಿಂಗ್ ಫ್ಯಾನು ಕೊಡಿಸಲು ಹೋಗಿದ್ದೆ. ಫ್ಯಾನು ತಿರುಗುವುದನ್ನು ನಿಂತು ನೋಡಿ ಕೊಳ್ಳುವುದು ಲೋಕದ ರೂಢಿ. ಕಾಕಾ, "ಮನ್ಯಾಗ ನಾ ಇದರ ಬುಡಕ ನಿಂತಗೊಂಡ ಮಲಗಾಂವೇನು?" ಎಂದವನೇ ಅಂಗಡಿಯ ನೆಲಕ್ಕೆ ಒಂದು ರಟ್ಟು ಹಾಸಿಕೊಂಡು ಅದರ ಕೆಳಗೆ ಅಡ್ಡಾದ. ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು. ಅಂಗಡಿಯವನು ಬಂದ ಗಿರಾಕಿಗಳಿಗೆಲ್ಲ "ಸಾವಕಾಶ ದಾಟ್ರಿ, ಹಿರ್ಯಾರು ಮಲಗ್ಯಾರ" ಎನ್ನುತ್ತ ಮಧ್ಯಾಹ್ನ ಕಳೆದ. ನಾನು ಮೂಲೆಯಲ್ಲಿ ಕೂತು ಬುತ್ತಿಯ ರೊಟ್ಟಿ ತಿಂದೆ. ಕೊನೆಗೆ ಎದ್ದ ಕಾಕಾ ಕಣ್ಣುಜ್ಜಿಕೊಂಡು, "ಇದು ಬ್ಯಾಡ್ರಿ. ಇದರ ಗಾಳ್ಯಾಗ ಕೆಟ್ಟ ಕನಸು ಬೀಳ್ತಾವು" ಎಂದ!

ಕಾಕಾ ಗಜೇಂದ್ರಗಡದಲ್ಲಿ ಕೈಮಗ್ಗದ ಸೀರೆ ನೇಯುವವನು. ಮನೆಯ ನಡುಕೋಣೆಯಲ್ಲಿ ಅವನ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತನೆಂದರೆ ಮುಗಿಯಿತು; ಊಟಕ್ಕೆ ಕರೆದರೆ "ಬಂದೆ" ಎನ್ನುತ್ತಾನೆ, ಬರುವುದಿಲ್ಲ. ಜಗತ್ತಿನ ಬಗ್ಗೆ ಅವನ ಶಾಸ್ತ್ರ ಒಂದೇ: "ಸೀರಿ ಮಾರಿ ಯಾವನರ ಚಂದ ಮಾಡ್ತಾನ. ತಿರುವಿ ಬೆನ್ನು ನೋಡಬೇಕು." ಜೋತುಬಿದ್ದ ಎಳೆ, ಗಂಟು, ನೇಯ್ದವನ ಸೋಮಾರಿತನ ಎಲ್ಲವೂ ಬೆನ್ನಿಗೇ ಇರುತ್ತವಂತೆ. ಹೀಗಾಗಿ ಅವನ ಕೈಗೆ ಸಿಕ್ಕ ಯಾವ ವಸ್ತುವೂ ಮಗುಚಿಕೊಳ್ಳದೆ ಉಳಿದಿಲ್ಲ. ಕುಕ್ಕರು, ಕಲ್ಲಂಗಡಿ, ಲಗ್ನಪತ್ರಿಕೆ! ನಾನು ಡಿಗ್ರಿ ಪಾಸಾದಾಗ ಹೆಮ್ಮೆಯಿಂದ ಅಂಕಪಟ್ಟಿ ತೋರಿಸಿದ್ದೆ. ಅದನ್ನೂ ತಿರುವಿ, ಖಾಲಿ ಬೆನ್ನನ್ನು ಬೆಳಕಿಗೆ ಹಿಡಿದು, "ಇದರಾಗ ಏನೂ ಇಲ್ಲಲ್ಲೋ ತಮ್ಮಾ" ಎಂದ. ಮುಂದೆ ಆ ಮಾತು ಖರೆಯೇ ಆಯಿತು, ಅದು ಬೇರೆ ವಿಷಯ.

ಆ ಡಿಗ್ರಿಯ ಬಲದಿಂದ ನಾನು ರೋಣದ ಬಸ್‌ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ನನ್ನ ಮುಖ್ಯ ಉದ್ಯೋಗ ಚಿಂತೆ ಮಾಡುವುದು. ಝೆರಾಕ್ಸು ಬಿಡುವಿನ ವೇಳೆಯದು. ಸಂಜೆ ಅಂಗಡಿಗೆ ಕೀಲಿ ಹಾಕಿ ಮನೆಯ ತನಕ ಹೋಗಿ, ಹಾಕಿದೆನೋ ಇಲ್ಲವೋ ಎಂದು ತಿರುಗಿ ಬರುತ್ತೇನೆ. ಎದುರಿನ ಚಹಾದಂಗಡಿಯವನು ನಾನು ತಿರುವಿನಲ್ಲಿ ಕಾಣುತ್ತಲೇ "ಹಾಕೀರಿ, ಹಾಕೀರಿ!" ಎಂದು ಕೂಗುತ್ತಾನೆ. ಅವನು ಸುಳ್ಳು ಹೇಳಿದ್ದರೆ? ಅದಕ್ಕೇ ಹತ್ತಿರ ಹೋಗಿ ಒಮ್ಮೆ ಜಗ್ಗಿ ನೋಡುತ್ತೇನೆ.

ಇಂಥ ನನಗೆ ಒಂದು ದಿನ ಕಾಕಾನ ಫೋನು ಬಂತು.

"ತಮ್ಮಾ, ಹಾಡು ರೆಕಾರ್ಡ್ ಮಾಡೂ ಮಷೀನ್ ತಗೋಬೇಕು."

"ಮೊಬೈಲ್‌ನಾಗ ಮಾಡು ಕಾಕಾ."

"ಮಾಡಿ ನೋಡೀನಿ. ಬರೇ ಮಗ್ಗ ಕೇಳತೈತಿ."

"ಮಗ್ಗ ನಿಲ್ಲಿಸಿ ಮಾಡು."

"ಮಗ್ಗ ನಿಲ್ಲಿಸಿದ್ರ ಹಾಡೂ ನಿಲ್ತೈತಲ್ಲೋ!"

"ಯಾರ ಹಾಡು?"

ಕಾಕಾ ದನಿ ಇಳಿಸಿದ. "ನಿಮ್ಮ ಚಿಗವ್ವಂದು."

ನಾನು ಫೋನು ಕೆಟ್ಟಿರಬೇಕೆಂದುಕೊಂಡೆ. ಯಾಕೆಂದರೆ ಚಿಗವ್ವ, ಅಂದರೆ ಕಾಕಾನ ಹೆಂಡತಿ, ಹಾಡುವುದಿಲ್ಲ ಎಂಬುದು ನಮ್ಮ ಮನೆತನದ ಗಟ್ಟಿ ಸಂಗತಿಗಳಲ್ಲಿ ಒಂದು. ಹೆಣ್ಣು ನೋಡಲು ಹೋದಾಗ ನಮ್ಮ ಅಜ್ಜಿ "ಹಾಡು ಬರತಾವೇನವಾ?" ಎಂದು ಕೇಳಿದ್ದಕ್ಕೆ ಹುಡುಗಿ ಇಲ್ಲವೆಂದು ತಲೆ ಅಲ್ಲಾಡಿಸಿದ್ದಳಂತೆ. ಅಜ್ಜಿ ಖುಷಿಯಾಗಿ, "ಚಲೋ ಆತು, ಗದ್ದಲಕ್ಕ ಮನ್ಯಾಗ ಮಗ್ಗ ಐತಿ" ಎಂದು ಎಲೆ ಅಡಿಕೆ ಬದಲಿಸಿದಳು. ಸೊಸೆಯ ದನಿ ಹೊಸ್ತಿಲು ದಾಟಬಾರದು ಎನ್ನುವುದು ಅಜ್ಜಿಯ ಕಾಯಿದೆ.

ಆದರೆ ಮಗ್ಗದ ಮನೆಯಲ್ಲಿ ಒಂದು ಅನುಕೂಲವಿದೆ. ಗಂಡ ನೇಯುವಾಗ ಹೆಂಡತಿ ಪಕ್ಕದಲ್ಲಿ ರಾಟಿ ತಿರುಗಿಸಿ, ಲಾಳಿಯೊಳಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಾಳೆ. ಮಗ್ಗ ಖಟಕ್ ಖಟಕ್ ಎನ್ನುತ್ತಿರುವಾಗ ಅವಳು ಹಾಡಿದರೂ ಅತ್ತರೂ ಯಾರಿಗೂ ಕೇಳುವುದಿಲ್ಲ. ಮದುವೆಯಾದ ಹೊಸದರಲ್ಲಿ ಒಮ್ಮೆ ನೇಯುತ್ತಿದ್ದಾಗ ಎಳೆ ಹರಿದು ಕಾಕಾ ತಟ್ಟನೆ ಮಗ್ಗ ನಿಲ್ಲಿಸಿದನಂತೆ. ಆಗ ಚಿಗವ್ವನ ಹಾಡಿನ ಅರ್ಧ ಸಾಲು ಗಾಳಿಯಲ್ಲಿ ಉಳಿದುಬಿಟ್ಟಿತು. ಅವಳು ಬಾಯಿ ಮುಚ್ಚಿ ರಾಟಿ ತಿರುಗಿಸಿದಳು. ಇವನು ಏನೂ ಕೇಳದವನ ಹಾಗೆ ಎಳೆ ಗಂಟು ಹಾಕಿದ. ಅಂದಿನಿಂದ ಕಾಕಾ ಆಗಾಗ ಸುಳ್ಳೇ ಮಗ್ಗ ನಿಲ್ಲಿಸಿ ಅರ್ಧರ್ಧ ಸಾಲು ಹಿಡಿದು ಕೂಡಿಹಾಕಿದ್ದಾನೆ. ಅಜ್ಜಿ ತೀರಿಹೋಗಿ ಎಷ್ಟೋ ವರ್ಷವಾಯಿತು, ಕಾಯಿದೆ ಇನ್ನೂ ಉಸಿರಾಡುತ್ತಿದೆ.

"'ಎಡಗೈಲಿ ಎಳಿ ಹಿಡಿದ' ಅಂದ್ಲು ತಮ್ಮಾ. ನಾ ನಿಲ್ಲಿಸಿದೆ, ಆಕಿನೂ ನಿಲ್ಲಿಸಿದ್ಲು. ಯಾರು ಹಿಡಿದ? ಯಾಕ ಹಿಡಿದ? ಹಿಡಿದು ಏನು ಮಾಡಿದ? ನನಗಿನ್ನೂ ಗೊತ್ತಾಗಿಲ್ಲ."

"ಚಿಗವ್ವನ್ನ ಕೇಳು."

"ಕೇಳಿದ್ರ ಮಗ್ಗದ ಸಪ್ಪಳದಾಗನೂ ಹಾಡೂದು ಬಿಡ್ತಾಳ. ಹುಚ್ಚಪ್ಪ!"

ಈಗ ಕಾಕಾನಿಗೆ ಅವಸರ ಬಿದ್ದಿತ್ತು. ಮೊಣಕಾಲು ಹೋಗಿದ್ದವು. ಡಾಕ್ಟರು, "ನೀವು ಮಗ್ಗ ಬಿಡ್ರಿ, ಇಲ್ಲಂದ್ರ ಮೊಣಕಾಲು ನಿಮ್ಮನ್ನ ಬಿಡ್ತಾವು" ಎಂದಿದ್ದರು. "ಮಗ್ಗ ನಿಂತ್ರ ಆಕಿ ಹಾಡೂ ನಿಂತಂಗ," ಎಂದ ಕಾಕಾ. "ಅದರೊಳಗ ಒಂದಾದ್ರೂ ಇಡೀ ಹಾಡು ಕೇಳಬೇಕೋ ತಮ್ಮಾ." ಸಪ್ಪಳ ಒಂದು ಕಡೆ, ಹಾಡು ಒಂದು ಕಡೆ ಮಾಡಿಕೊಡುವ ಮಿಕ್ಸರ್ ಎಂಬುದು ಇದೆಯೆಂದು ಭಜನೆಯವರು ಯಾರೋ ಅವನ ಕಿವಿಗೆ ಹಾಕಿದ್ದರು. ನಾನು ಝೆರಾಕ್ಸ್ ಮಷೀನಿನ ಒಡೆಯನಾದ್ದರಿಂದ ಎಲ್ಲ ಮಷೀನುಗಳೂ ನನಗೆ ಬಂಧುಗಳೆಂದು ಅವನ ನಂಬಿಕೆ.

ಬುತ್ತಿ ಕಟ್ಟಿಸಿಕೊಂಡು ನರಗುಂದಕ್ಕೆ ಹೋದೆವು. ಅಲ್ಲಿ ಮೈಕು, ಸ್ಪೀಕರು ಮಾರುವ ಅಂಗಡಿಯವನು ನಮ್ಮನ್ನು ದೊಡ್ಡ ಕುಳಗಳೆಂದು ತಪ್ಪು ತಿಳಿದು ಮೇಜಿನ ತುಂಬ ಹರಡುವಂಥ ಒಂದು ಮಿಕ್ಸರ್ ತಂದಿಟ್ಟ. ಮೈತುಂಬ ಗುಂಡಿ.

"ಇಷ್ಟ್ಯಾಕ್ರಿ ಹಲ್ಲು ಇದಕ್ಕ?" ಎಂದ ಕಾಕಾ, ಉತ್ತರಕ್ಕೂ ಕಾಯದೆ ಅದನ್ನು ಬೋರಲು ಮಗುಚಿದ.

"ಯಜಮಾನ್ರ! ಅದನ್ನ ತಲಿಕೆಳಗ ಮಾಡೂದಲ್ರಿ!"

"ಮಾರಿ ನೀವು ನೋಡೀರಿ. ಬೆನ್ನು ನಾ ನೋಡ್ತೀನಿ."

"ಇದರಾಗ ಹದಿನಾರು ಮಂದಿ ಒಮ್ಮೆಲೆ ಹಾಡಬಹುದ್ರಿ."

"ನಮ್ಮನ್ಯಾಗ ಹಾಡಾಕಿ ಒಬ್ಬಾಕಿ. ಆಕಿನೂ ಹಾಡೂದಿಲ್ಲ."

ಅಂಗಡಿಯವನು ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ.

"ಎಷ್ಟು ಸೀರಿ ಆತು ಇದು?" ಎಂದ ಕಾಕಾ. ಅವನಿಗೆ ರೂಪಾಯಿಯ ಲೆಕ್ಕ ತಲೆಗೆ ಹೋಗುವುದಿಲ್ಲ. ಯಾವ ವಸ್ತುವಿಗೆ ಎಷ್ಟು ಸೀರೆ ನೇಯಬೇಕು ಎಂದೇ ಕೇಳುತ್ತಾನೆ. ನಾನು ಮನಸ್ಸಿನಲ್ಲೇ ಭಾಗಿಸಿ, "ಶ್ರಾವಣದಾಗ ಕುಂತ್ರ ಯುಗಾದಿಗೆ ಏಳತಿ ಕಾಕಾ" ಎಂದೆ. ಕಾಕಾ ಅದನ್ನು ಗೌರವದಿಂದ ನೆಟ್ಟಗೆ ಮಾಡಿ ಅಂಗಡಿಯವನ ಕಡೆ ಸರಿಸಿದ.

ಆಮೇಲೆ ಬಂತು ಒಂದು ಸಣ್ಣದು. ಊಟದ ತಟ್ಟೆಯಷ್ಟಿತ್ತು. ಎರಡು ಮೈಕಿನ ತೂತು, ಅವಕ್ಕೆ ಒಂದೊಂದು ತಿರುಪು, ಒಂದು ಪೆನ್‌ಡ್ರೈವ್ ತೂತು, ಕೊನೆಗೆ ಮೇಲೆ ಕೆಳಗೆ ಜಾರುವ ಎರಡು ಗುಂಡಿ. ಅಂಗಡಿಯವನು ತಾಳ್ಮೆಯಿಂದ ಹೇಳಿಕೊಟ್ಟ: "ಮಗ್ಗದ ಮೈಕಿನ ತಿರುಪು ಪೂರಾ ಎಡಕ್ಕ ತಿರುವ್ರಿ, ಅಕ್ಕಾರ ಮೈಕಿಂದು ಪೂರಾ ಬಲಕ್ಕ. ಪೆನ್‌ಡ್ರೈವ್‌ನಾಗ ಎರಡೂ ಬ್ಯಾರೆ ಬ್ಯಾರೆ ಕುಂದರ್ತಾವ್ರಿ. ಆಮ್ಯಾಲ ಹಚ್ಚಿ ಕೇಳೂಮುಂದ ಎಡದ ಗುಂಡಿ ಇಳಿಸಿದ್ರ ಮಗ್ಗ ಇಳೀತೈತಿ, ಬಲದ್ದು ಏರಿಸಿದ್ರ ಹಾಡು ಏರ್ತೈತಿ. ನಿಮಗ ಇಷ್ಟ ಸಾಕ್ರಿ."

ಪರೀಕ್ಷೆ ಮಾಡದೆ ಕಾಕಾ ಒಪ್ಪಿಯಾನೆಯೇ? ಚೀಲದಿಂದ ಲಾಳಿ ತೆಗೆದು ಎಡದ ಮೈಕಿನ ಮುಂದೆ ಮೇಜಿಗೆ ಕುಟ್ಟತೊಡಗಿದ. ಬಲದ ಮೈಕು ನನ್ನ ಬಾಯಿಗೆ ಬಂತು. "ಹಾಡೋ. ನೀನ ನಿಮ್ಮ ಚಿಗವ್ವ ಅಂತ ತಿಳ್ಕೊ." ನನಗೆ ಬರುವುದು ಸಾಲಿಯಲ್ಲಿ ಕಲಿತ ಪ್ರಾರ್ಥನೆ ಒಂದೇ. ಕಣ್ಣು ಮುಚ್ಚಿ ಅದನ್ನೇ ಹಾಡಿದೆ. ಬ್ಯಾಟರಿ ಕೊಳ್ಳಲು ಬಂದಿದ್ದ ಮುದುಕನೊಬ್ಬ ಎದ್ದು ಕೈಮುಗಿದು ನಿಂತ.

ಅಂಗಡಿಯವನು ಅದನ್ನು ಹಚ್ಚಿ ಎಡದ ಗುಂಡಿ ಪೂರ್ತಿ ಇಳಿಸಿದ. ಲಾಳಿಯ ಸಪ್ಪಳ ಅಡಗಿತು. ಅಂಗಡಿಯ ತುಂಬ ನನ್ನ ದನಿಯೊಂದೇ ಉಳಿಯಿತು. ಕಾಕಾ ತಲೆ ಬಾಗಿಸಿ ಒಂದು ನಿಮಿಷ ಕೇಳಿ, ಮೆತ್ತಗೆ ಹೇಳಿದ: "ಮಗ್ಗ ಏರಸ್ರಿ."

ಇಷ್ಟಾದ ಮೇಲೆ ಕೊಂಡೆವೇ? ಇಲ್ಲ. ಒಂದೇ ಸೀರೆ ನೋಡಿ ಯಾವ ಹೆಂಗಸು ಕೊಳ್ಳುತ್ತಾಳೆ ಎಂದು ಕಾಕಾನ ವಾದ. ಹೊಳೆಮಣ್ಣೂರಿನಲ್ಲಿ ಭಜನಾಮೇಳದವನೊಬ್ಬ ಹಳೆಯ ಮಿಕ್ಸರ್ ಅರ್ಧ ಬೆಲೆಗೆ ಕೊಡುತ್ತಾನಂತೆ ಎಂಬ ಸುದ್ದಿ ಹಿಡಿದು ಅಲ್ಲಿಗೂ ಹೋದೆವು. ಮನೆಯವನು ಜಮಖಾನೆ ಹಾಸಿ, ಮಿಕ್ಸರ್ ಒರೆಸಿ ತಂದಿಟ್ಟ. ಮುಖ ಫಳಫಳ ಎನ್ನುತ್ತಿತ್ತು. ನಾನು "ಅಡ್ಡಿಯಿಲ್ಲ ಕಾಕಾ" ಎನ್ನುವಷ್ಟರಲ್ಲಿ ಅವನು ಅದನ್ನು ಎರಡೂ ಕೈಯಿಂದ ಎತ್ತಿ ಮಗುಚಿದ. ಸಂದುಗಳಿಂದ ಸಣ್ಣ ಮಣ್ಣು ಸುರ್ರನೆ ಸುರಿದು ಜಮಖಾನೆಯ ಮೇಲೆ ಗುಡ್ಡೆಯಾಯಿತು!

"ಇದೇನ್ರಿ?"

ಅವನು ನೆಲ ನೋಡುತ್ತ, "ಸ್ವಲ್ಪ ಹೊಳಿ ನೋಡೇತ್ರಿ" ಎಂದ.

ಮಲಪ್ರಭೆ ಅವನ ಮನೆಯನ್ನು ನೋಡಿ ಹೋದದ್ದು ಎಷ್ಟು ಸಲವೋ, ಪಾಪ. ಕಾಕಾ ಬೇಜಾರು ಮಾಡಿಕೊಳ್ಳಲಿಲ್ಲ. ಮಣ್ಣನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿ, "ಮಣ್ಣು ಭಾಳ ಚಲೋ ಐತಿ. ಇದನ್ನ ಮಾರಬ್ಯಾಡ್ರಿ, ಇದರಾಗ ಎರಡು ಮೆಣಸಿನಗಿಡ ಹಚ್ಚರಿ" ಎಂದ. ಅವನೂ ನಕ್ಕುಬಿಟ್ಟ. ಚಹಾ ಕುಡಿದು, ತಿರುಗಿ ನರಗುಂದಕ್ಕೆ ಹೋಗಿ, ಆ ತಟ್ಟೆಯಂಥದನ್ನೇ ಕೊಂಡೆವು. ಎರಡು ಮೈಕು, ಎರಡು ಸ್ಪೀಕರ್ ಡಬ್ಬಿ ಜೊತೆಗೆ ಬಂದವು. ಬಸ್ಸಿನಲ್ಲಿ ಅದು ಬಿದ್ದರೇನು, ನೆನೆದರೇನು, ಸುಟ್ಟರೇನು ಎಂದು ನಾನು ಗಜೇಂದ್ರಗಡದ ತನಕ ಚಿಂತಿಸಿದೆ. ಕಾಕಾ ಅದನ್ನು ತೊಡೆಯ ಮೇಲೆ ಮಗುಚಿ ಇಟ್ಟುಕೊಂಡು, ಅದರ ಬೆನ್ನಿನ ಮೇಲೆ ಬುತ್ತಿ ಬಿಚ್ಚಿ ಉಂಡ.

ಮನೆಯಲ್ಲಿ ಚಿಗವ್ವ ಮಿಕ್ಸರನ್ನೂ ನನ್ನನ್ನೂ ಮತ್ತೆ ಮತ್ತೆ ನೋಡಿದಳು. "ಏನಿದು?"

"ನಮ್ಮ ತಮ್ಮಂದು," ಎಂದ ಕಾಕಾ, ರೆಪ್ಪೆ ಅಲುಗಿಸದೆ. "ಇವಗ ಮಗ್ಗದ ಸಪ್ಪಳ ಕೇಳಲಿಲ್ಲಂದ್ರ ನಿದ್ದಿನ ಬರೂದಿಲ್ಲಂತ. ತುಂಬಿಕೊಂಡು ರೋಣಕ್ಕ ಒಯ್ಯಾಕ ಬಂದಾನ."

ನಾನು ಹೌದೆನ್ನಬೇಕಾಯಿತು. ಚಿಗವ್ವ ನನ್ನ ಹಣೆ ಮುಟ್ಟಿ ನೋಡಿದಳು. "ದವಾಖಾನಿಗೆ ತೋರಿಸೀಯೇನಪಾ?" ಎಂದು ಅರಿಷಿಣ ಹಾಕಿದ ಹಾಲು ಕಾಸಿಕೊಟ್ಟಳು.

ಮೊದಲ ಸಲ ರಾಟಿಯ ಬಳಿ ಮೈಕು ಇಟ್ಟರೆ ಎಡಕ್ಕೂ ಮಗ್ಗ, ಬಲಕ್ಕೂ ಮಗ್ಗ. ಒಂದೇ ಕೋಣೆಯಲ್ಲಿ ಮಗ್ಗ ಯಾರ ಮಾತು ಕೇಳುತ್ತದೆ? ಗಾಳಿ ಹೊಡೆಯುತ್ತದೆ ಎಂಬ ನೆವ ಹೇಳಿ ಕಾಕಾ ರಾಟಿಯನ್ನು ಅಡುಗೆಮನೆಗೆ ಸಾಗಿಸಿದ. ನಡುವಿನ ಬಾಗಿಲಿಗೆ ಚಿಗವ್ವನೇ ಹೊಲಿದ ದಪ್ಪ ಕೌದಿ ಇಳಿಬಿಟ್ಟೆವು. ಕಂಡಿಕೆಯ ಬುಟ್ಟಿಯಲ್ಲಿ ಮೈಕು ಹುದುಗಿಸಿದೆವು. ಕಾಕಾ ಹಲ್ಲು ಕಚ್ಚಿ ಕುಣಿಗೆ ಇಳಿದು ನೇಯತೊಡಗಿದ. ಮಗ್ಗದ ಮೈಕಿನ ಪಕ್ಕದಲ್ಲೇ ಕಾವಲು ಕೂತಿದ್ದ ನನಗೆ ನೂಲಿನ ಧೂಳು ಮೂಗಿಗೆ ಹೋಗಿ, ತಡೆದು ತಡೆದು, ಕೊನೆಗೆ ಊರೆಲ್ಲ ಕೇಳುವಂತೆ ಕೆಮ್ಮಿದೆ.

"ಆತು," ಎಂದ ಕಾಕಾ. "ಬೆನ್ನಿಗೆ ಎಳಿ ಬಿಟ್ಟಿ."

ಚಿಗವ್ವ ಸಂತೆಗೆ ಹೋದ ಹೊತ್ತು ನೋಡಿ ಹಚ್ಚಿದೆವು. ಕಾಕಾ ಎಡದ ಗುಂಡಿ ಇಳಿಸಿ ಬಲದ್ದನ್ನು ಏರಿಸಿದ. ಮೊದಲು ರಾಟಿಯ ಗುಯ್ಯೆಂಬ ಸದ್ದು. ಆಮೇಲೆ ಸ್ವಚ್ಛವಾಗಿ, ತಿಳಿಯಾಗಿ ಚಿಗವ್ವನ ದನಿ. ಹಿತ್ತಲ ಬಾಗಿಲಲ್ಲಿ ನಿಂತ ನೆರೆಮನೆಯವಳಿಗೆ ಹೇಳುತ್ತಿದ್ದಳು: "ಏನು ಮಾಡೂದವಾ, ಸಣ್ಣಾಂವಿದ್ದಾಗ ಚಲೋನ ಇದ್ದ. ಈಗ ಮಗ್ಗದ ಸಪ್ಪಳ ಡಬ್ಬ್ಯಾಗ ತುಂಬಿಕೊಂಡು ಹೊಂಟಾನ. ಹೇಣ್ತಿ ಮಕ್ಕಳು ಹ್ಯಾಂಗ ತಡಕೊಂಡಾರೋ!"

ಹಾಡು ಒಂದೂ ಇರಲಿಲ್ಲ. ಕಾಕಾ ಅದನ್ನು ಮತ್ತೊಮ್ಮೆ ಮೊದಲಿನಿಂದ ಕೇಳಿ, "ದನಿ ಮಾತ್ರ ಭಾಳ ಚಲೋ ಹಿಡಿದೈತಿ" ಎಂದ.

ಮುಂದಿನ ವಾರ ಮತ್ತೆ ಹಿಡಿಯೋಣವೆಂದು ಮಿಕ್ಸರನ್ನು ಅಲ್ಲೇ ಬಿಟ್ಟು ನಾನು ರೋಣಕ್ಕೆ ಬಂದೆ. ಆ ಮುಂದಿನ ವಾರ ಬರಲಿಲ್ಲ. ಒಂದು ಮುಂಜಾನೆ ಕಾಕಾ ಕುಣಿಗೆ ಇಳಿದವನು ಏಳಲಾರದೆ ಹೋದ. ನೆರೆಯವರು ಕಂಕುಳಿಗೆ ಕೈಕೊಟ್ಟು ಮೇಲೆತ್ತಿದರು. ಮಗ್ಗ ನಿಂತಿತು. ಅದರ ಮೇಲಿದ್ದ ಅರ್ಧ ಸೀರೆಯನ್ನು ಪಕ್ಕದ ಓಣಿಯ ನೇಕಾರನೊಬ್ಬ ಬಂದು ಮುಗಿಸಿಕೊಟ್ಟ. ಕಾಕಾ ಫೋನಿನಲ್ಲಿ ಮೊಣಕಾಲಿನ ಸುದ್ದಿ ಹೇಳಲಿಲ್ಲ. "ಅಂವ ನೇಯೂಮುಂದ ಆಕಿ ಹಾಡಲಿಲ್ಲೋ ತಮ್ಮಾ. ನಾ ಕೌದಿ ಹತ್ರನ ಕುಂತಿದ್ದೆ," ಎಂದಷ್ಟೇ ಹೇಳಿ ಫೋನು ಇಟ್ಟ.

ಜೀವಮಾನವಿಡೀ ಆಗದ ಅನಾಹುತಗಳಿಗೆ ಚಿಂತಿಸಿದವನಿಗೆ, ಆಗಿಹೋದದ್ದಕ್ಕೆ ಏನು ಮಾಡಬೇಕೆಂಬ ಅಭ್ಯಾಸವೇ ಇರುವುದಿಲ್ಲ.

ಕೆಲವು ವಾರ ಬಿಟ್ಟು ನೋಡಲು ಹೋದೆ. ಕಾಕಾನ ಮನೆ ಹತ್ತಿರವಾಗುತ್ತಲೇ ಒಳಗಿಂದ ಸಣ್ಣಗೆ ಖಟಕ್ ಖಟಕ್! ಅಯ್ಯೋ, ಈ ಮನುಷ್ಯ ಮತ್ತೆ ಕುಣಿಗೆ ಇಳಿದನಲ್ಲ! ಡಾಕ್ಟರ ಮಾತು, ಮುರಿದ ಕಾಲು, ಗದಗಿನ ದೊಡ್ಡ ದವಾಖಾನೆ ಎಲ್ಲ ಒಮ್ಮೆಲೇ ಕಣ್ಣಮುಂದೆ ಬಂದು ಓಡತೊಡಗಿದೆ. ಅಷ್ಟರಲ್ಲಿ ಒಳಗಿನಿಂದ ಯಾರೋ ಮಗ್ಗವನ್ನೂ ಮೀರಿಸಿ ಕೆಮ್ಮಿದರು. ನಾನು ಅಲ್ಲೇ ನಿಂತೆ. ಆ ಕೆಮ್ಮು ನನಗೆ ಚೆನ್ನಾಗಿ ಗೊತ್ತಿತ್ತು. ಅದು ನನ್ನದೇ.

ಮೆಲ್ಲಗೆ ಒಳಗೆ ಹೋದೆ. ಮಗ್ಗ ಬಟ್ಟೆ ಹೊದ್ದು ಖಾಲಿ ನಿಂತಿತ್ತು. ಕಾಕಾ ಹೊರಸಿನ ಮೇಲೆ ಕಾಲು ಚಾಚಿ ಕೂತಿದ್ದ. ಪಕ್ಕದಲ್ಲಿ ಮಿಕ್ಸರು; ಬಲದ ಗುಂಡಿ ಪೂರ್ತಿ ಕೆಳಗಿತ್ತು, ಎಡದ ಡಬ್ಬಿಯಿಂದ ಅವನದೇ ಮಗ್ಗ ಕೇಳುತ್ತಿತ್ತು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟ. ಕೌದಿಯ ಆಚೆ, ನೆರೆಯವರ ಮಗ್ಗಕ್ಕೆ ಕಂಡಿಕೆ ಸುತ್ತುತ್ತ, ಚಿಗವ್ವ ಏನೋ ಗುನುಗುತ್ತಿದ್ದಳು.

"ಮಗ್ಗದ ಸಪ್ಪಳ ಇಲ್ದ ನನಗ ಮಧ್ಯಾಹ್ನ ನಿದ್ದಿ ಬರವಲ್ದಾಗಿತ್ತು," ಎಂದು ಪಿಸುಗುಟ್ಟಿದ. "ಅದಕ್ಕ ಹಚ್ಚಿದೆ. ಹಚ್ಚಿದ್ದ ತಡ, ಆಕಡೆ ಶುರು ಆತು."

"ಹಂಗಾದ್ರ ಗುಂಡಿ ಇಳಿಸಿ ಹಾಡು ಕೇಳು ಕಾಕಾ!"

"ಒಮ್ಮೆಲೆ ಇಳಿಸಿದ್ರ ಆಕಿ ನಿಲ್ಲಿಸಿಬಿಡ್ತಾಳ. ದಿನಕ್ಕ ಒಂದ ಎಳಿಯಷ್ಟು ಇಳಸಾಕತ್ತೀನಿ. ಗೊತ್ತಾಗಬಾರದು."

ನೋಡಿದೆ. ಎಡದ ಗುಂಡಿಯೂ ಬಹುತೇಕ ತಳಕ್ಕೆ ಬಂದಿತ್ತು. ಮಗ್ಗ ಎಲ್ಲೋ ದೂರದ ಓಣಿಯದೆಂಬಂತೆ ಕೇಳುತ್ತಿತ್ತು. ಅಂಗಡಿಗಳನ್ನೆಲ್ಲ ಮಗುಚಿ ಹಾಕಿದ ಆ ಕೈ, ಗುಂಡಿಯ ಮೇಲೆ ಹೂವಿನ ಮೇಲೆ ಕೂತಂತೆ ಕೂತಿತ್ತು. ಅದು ಕೂದಲೆಳೆಯಷ್ಟು ಸರಿಯಿತು. ಇನ್ನೊಂದು ಎಳೆ. ಮಗ್ಗ ನಿಂತಿತು. ನಾನು ಉಸಿರು ಹಿಡಿದೆ, ಎಲ್ಲಿ ಕೆಮ್ಮು ಬರುತ್ತದೋ ಎಂದು.

ಚಿಗವ್ವ ನಿಲ್ಲಿಸಲಿಲ್ಲ. ಸಪ್ಪಳವಿಲ್ಲದ ಮನೆಯಲ್ಲಿ ಅವಳ ದನಿ, ವಯಸ್ಸಾದ, ಸ್ವಲ್ಪ ಒಡೆದ ದನಿ, ಕೌದಿ ದಾಟಿ ಬಂತು.

*ಎಡಗೈಲಿ ಎಳಿ ಹಿಡಿದ, ಬಲಗೈಲಿ ಲಾಳಿ ಒಗೆದ,*
*ಕುಣಿಯಾಗ ಕುಂತ ನನ ದೊರಿಯು – ಕರೆದರ*
*ರೊಟ್ಟಿ ಆರಿದರೂ ಏಳವಲ್ಲ.*

ಕಾಕಾನ ಬಾಯಿ ತೆರೆದೇ ಇತ್ತು. ನನ್ನ ತೋಳು ಹಿಡಿದು, "ಅಂವ ನಾನ ಏನೋ ತಮ್ಮಾ?" ಎಂದ.

ಒಳಗೆ ರಾಟಿ ನಿಂತಿತು. ಕೌದಿಯನ್ನು ಸರಿಸದೆಯೇ ಚಿಗವ್ವ ಹೇಳಿದಳು:

"ಆ ಗುಂಡಿ ಇನ್ನ ಬಿಡ್ರಿ, ಕೈ ಸೋತಿರಬೇಕು. ಏಳ್ರಿ, ಅಂವನ್ನೂ ಕರಕೊಂಡು ಬರ್ರಿ. ರೊಟ್ಟಿ ಆರ್ತಾವು."

ಕಾಕಾ ಕರೆದ ಕೂಡಲೇ ಎದ್ದ. ನನ್ನ ಹೆಗಲು ಹಿಡಿದು, ಒಂದೊಂದೇ ಹೆಜ್ಜೆ ಇಟ್ಟ. ಬಾಗಿಲ ತನಕ ಬಂದಾಗ ನನಗೆ ಎದ್ದ ಚಿಂತೆ ಕೇಳುತ್ತೀರಾ? ತಿರುಗಿ ಮಿಕ್ಸರಿನ ಕಡೆ ನೋಡಿದೆ. ರೆಕಾರ್ಡಿನ ಕೆಂಪು ದೀಪ ಹತ್ತಿರಲಿಲ್ಲ.

"ಕಾಕಾ! ಇಡೀ ಹಾಡು ಹೋತಲ್ಲೋ! ಒತ್ತೇ ಇಲ್ಲ!"

ಕಾಕಾ ಕೌದಿ ಎತ್ತಿ ಹಿಡಿದು, ನನ್ನನ್ನು ಮುಂದೆ ನೂಕಿದ.

"ಇರ್ಲಿ ಬಿಡೋ. ನಾಳಿ ಹಾಡ್ತಾಳ."